ಮಾವಿನೆಲೆ ಬೆಳ್ಳಿ, ಹಿಪ್ಪುನೇರಳೆ ಬೆಳ್ಳಿ

ಮೊದಲೇ ಹೇಳಿಬಿಡುತ್ತೇನೆ: ನಾನು ಶಿಡ್ಲಘಟ್ಟದ ಕಡೆಯವಳು, ಹಿಪ್ಪುನೇರಳೆ ಸೊಪ್ಪಿನ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಎಲೆ ಕಷಾಯದಿಂದ ಬೆಳ್ಳಿಯ ನ್ಯಾನೋಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಮಾಡಬೇಕಿತ್ತು. ಶ್ರೀನಿವಾಸಪುರದ ಗೆಳತಿ ಅವರ ತೋಟದ ಮಾವಿನೆಲೆ ತಂದಳು. ನಾನು ನಮ್ಮ ಹೊಲದ ಸೊಪ್ಪು ಒಯ್ದೆ.

ಎರಡಕ್ಕೂ ಒಂದೇ ಅಳತೆ. 10 ಗ್ರಾಂ ಎಲೆ, 100 ಎಂ.ಎಲ್. ಡಿಸ್ಟಿಲ್ಡ್ ವಾಟರ್, ಹತ್ತು ನಿಮಿಷ ಕುದಿ. ಸೋಸಿದ ಕಷಾಯ 1 ಎಂ.ಎಲ್., 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ (ಬೆಳ್ಳಿ ಲವಣದ ತೆಳು ದ್ರಾವಣ) 9 ಎಂ.ಎಲ್. ಮೊದಲ ದಿನ ಬೀಕರನ್ನು ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಬಳಸಿದೆ. ಸಿಲ್ವರ್ ನೈಟ್ರೇಟ್ ಬಿದ್ದದ್ದೇ ತಡ, ತಿಳಿಮಜ್ಜಿಗೆ ಆಯಿತು! ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡಿತ್ತು. ದುಡ್ಡೆಲ್ಲ ಸಿಂಕ್ ಪಾಲು.

ಬಣ್ಣ ಬಂದರೆ ಬೆಳ್ಳಿ ಕಣ ಆಯಿತು ಅಂತ ಗುರುತು. ಅದರಲ್ಲಿ ಮಾವೇ ಮುಂದೆ. 60 ಡಿಗ್ರಿಯಲ್ಲಿ ಹದಿನೈದು ನಿಮಿಷಕ್ಕೆಲ್ಲ ಕಾಫಿ ಡಿಕಾಕ್ಷನ್. ಹಿಪ್ಪುನೇರಳೆ ಒಂದು ಗಂಟೆ ಸತಾಯಿಸಿ ಜೇನಿನ ಬಣ್ಣಕ್ಕೆ ಬಂತು. ಗೆಳತಿ ಗೆದ್ದವಳ ಹಾಗೆ ನಕ್ಕಳು.

ಕೆಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಆಗಿ ನೋಡಿದಾಗ ಆಟ ತಿರುಗಿತು. 4-ನೈಟ್ರೋಫೀನಾಲ್‌ಗೆ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಕಡು ಹಳದಿ. ಯಾವ ಬೆಳಕು ಎಷ್ಟು ಹೀರಿತು ಎಂದು ಅಳೆಯುವ ಯಂತ್ರದಲ್ಲಿ 400 ನ್ಯಾನೋಮೀಟರ್ ಹತ್ತಿರ ಪೀಕ್ ಏಳುತ್ತದೆ. ಬೆಳ್ಳಿ ಹಾಕದೆ ಗಂಟೆ ಕಾದರೂ ಹಳದಿ ಹಾಗೇ ಇತ್ತು. ಬೆಳ್ಳಿ ಬಿದ್ದರೆ ನೈಟ್ರೋಫೀನಾಲ್ 4-ಅಮಿನೋಫೀನಾಲ್ ಆಗಿ ಬಣ್ಣ ಹೋಗುತ್ತದೆ. ನಮ್ಮ ಸೊಪ್ಪಿನ ಬೆಳ್ಳಿಗೆ ಎಂಟು ನಿಮಿಷ ಸಾಕಾಯಿತು, ಮಾವಿನದಕ್ಕೆ ಹದಿನಾಲ್ಕು. (ಕ್ಯುವೆಟ್, ಅಂದರೆ ಯಂತ್ರದೊಳಗೆ ಇಡುವ ಪುಟ್ಟ ಪಾರದರ್ಶಕ ಪಾತ್ರೆಯ ಗೋಡೆಗೆ ಹೈಡ್ರೋಜನ್ ಗುಳ್ಳೆ ಅಂಟಿ ರೀಡಿಂಗ್ ಕುಣಿಯುತ್ತದೆ. ಬೆರಳಲ್ಲಿ ಮೆಲ್ಲಗೆ ತಟ್ಟಬೇಕು.)

ಯಾಕೆ ಹೀಗೆ? ಮಾವಿನೆಲೆಯಲ್ಲಿ ಪಾಲಿಫೀನಾಲ್ (ಎಲೆಗೆ ಒಗರು ಕೊಡುವಂಥ ರಾಸಾಯನಿಕ) ಜಾಸ್ತಿ. ಬೆಳ್ಳಿ ಅಯಾನನ್ನು ಬೇಗ ಲೋಹ ಮಾಡುವುದೂ ಅದೇ, ಆಮೇಲೆ ಕಣದ ಮೈಗೆ ಅಂಟಿ ಕೂರುವುದೂ ಅದೇ. ಕೆಲಸ ನಡೆಯಬೇಕಾದ್ದು ಆ ಮೈಮೇಲೆ ಅಲ್ವಾ? ಅನುಮಾನ ಬಂದು ಮಾವಿನ ಬೆಳ್ಳಿಯನ್ನು ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ (ಜೋರಾಗಿ ತಿರುಗಿಸಿ ಕಣವನ್ನು ತಳಕ್ಕೆ ಕೂರಿಸಿ) ತೊಳೆದೆ. ಹದಿನಾಲ್ಕು ಒಂಬತ್ತಕ್ಕಿಳಿಯಿತು.

ಅದೇ ಅಂಟು ಇನ್ನೊಂದು ಕಡೆ ಮಾವನ್ನು ಕಾಪಾಡಿತು. ಒಂದು ತಿಂಗಳಾದರೂ ಬಾಟಲಿಯಲ್ಲಿ ಕಣ ತೇಲುತ್ತಲೇ ಇದೆ. ನಮ್ಮದು ಹತ್ತೇ ದಿನಕ್ಕೆ ತಳದಲ್ಲಿ ಮಸಿಯಂತೆ ಕೂತಿತು, ಅಲ್ಲಾಡಿಸಿದರೂ ಏಳಲಿಲ್ಲ. ಬೇವನ್ನೂ ನೋಡಿದೆ; ಎರಡರ ನಡುವೆ ಎಲ್ಲೋ ಇತ್ತು, ವಾಸನೆ ಮಾತ್ರ ಲ್ಯಾಬ್ ತುಂಬ.

ಮಾವಿನದರಲ್ಲಿ ಒಂದು ಕಿರಿಕಿರಿ: ಕೆಂಪು ಚಿಗುರು ಬೆರೆತರೆ ಪ್ರತಿ ಸಲ ಬೇರೆ ಬಣ್ಣ. ಬಲಿತ ಎಲೆಯನ್ನೇ ಆರಿಸಬೇಕು.

ಈಗ ಫ್ರಿಜ್‌ನಲ್ಲಿ ಇರುವುದು ಮಾವಿನ ಬಾಟಲಿ. ರೀಡಿಂಗ್ ತೆಗೆಯುವ ದಿನ ಮಾತ್ರ ಬೆಳಿಗ್ಗೆ ಒಂದು ಹಿಡಿ ಸೊಪ್ಪು ಬ್ಯಾಗಿಗೆ ತುರುಕುತ್ತೇನೆ, ಅಮ್ಮ ಹುಳಕ್ಕೆ ಹಾಕುವ ಮುಂಚೆ.