ದುಬೈನ ಸೊನ್ನೆ ತೆರಿಗೆಯೋ, ನೆದರ್ಲೆಂಡ್ಸ್‌ನ 30% ರಿಯಾಯಿತಿಯೋ?

ಎರಡೂ ಕಡೆಯಿಂದ ಕೆಲಸದ ಆಫರ್ ಬಂದಿದ್ದರೆ ಸಂಬಳ ಒಂದನ್ನೇ ನೋಡಬೇಡಿ. ತೆರಿಗೆ, ವೀಸಾ ಎರಡನ್ನೂ ಒಟ್ಟಿಗೆ ನೋಡಿ. ಹೊರಗಿನವರನ್ನು ಕರೆಸಿಕೊಳ್ಳಲು ತೆರಿಗೆಯನ್ನೇ ಆಮಿಷ ಮಾಡಿಕೊಂಡ ಜಾಗಗಳಿವು.

ದುಬೈ ಲೆಕ್ಕ ಸುಲಭ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. 2018ರಿಂದ 5% ವ್ಯಾಟ್ ಇದೆ. ಆದರೆ ಮಾಮೂಲಿ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಗಂಟುಮೂಟೆ ಕಟ್ಟುವ ಚಿಂತೆ. ಕೆಲಸಕ್ಕೆ ಅಂಟಿಕೊಳ್ಳದ 10 ವರ್ಷದ ಗೋಲ್ಡನ್ ವೀಸಾ ಎಲ್ಲರಿಗೂ ಸಿಗುವುದಿಲ್ಲ. ಮೂರ್ನಾಲ್ಕು ವರ್ಷ ದುಡಿದು, ಊರಲ್ಲಿ ಮನೆ ಕಟ್ಟುವ ಆಸೆಯಿದ್ದರೆ ನಾನಂತೂ ದುಬೈ ಎನ್ನುತ್ತೇನೆ.

ನೆದರ್ಲೆಂಡ್ಸ್‌ನಲ್ಲಿ ಮೇಲಿನ ಹಂತದ ತೆರಿಗೆ 49.5%. ಕೇಳಿದರೇ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಅದಕ್ಕೇ ಹೊರದೇಶದಿಂದ ಕೆಲಸಕ್ಕೆ ಕರೆಸಿಕೊಂಡವರಿಗೆ ಈ ರಿಯಾಯಿತಿ: ಸಂಬಳದ 30%ವರೆಗೆ ತೆರಿಗೆ ಇಲ್ಲ. 80,000 ಯೂರೋ ಸಂಬಳವಿದ್ದರೆ 24,000ದವರೆಗೆ ತೆರಿಗೆ ಇಲ್ಲ. ಹೆಚ್ಚೆಂದರೆ 5 ವರ್ಷ. ಮೊದಲು 8 ವರ್ಷ ಇತ್ತು, 2019ರಲ್ಲಿ ಇಳಿಸಿದರು. 2024ರಿಂದೀಚೆಗೆ ಈ ರಿಯಾಯಿತಿ ಪಡೆದವರಿಗೆ 2027ರಿಂದ 27% ಮಾತ್ರ. ಅಂದರೆ ಈ ಆಮಿಷ ಕರಗುತ್ತಾ ಬರುತ್ತಿದೆ. ಆದರೂ 5 ವರ್ಷ ಕಳೆದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಮಕ್ಕಳನ್ನು ಅಲ್ಲೇ ಬೆಳೆಸುವವರಿಗೆ ಇದರ ಬೆಲೆ ಜಾಸ್ತಿ.

ಈ ರಿಯಾಯಿತಿಯ ಷರತ್ತುಗಳಲ್ಲೇ ಹಲವರು ಎಡವುವುದು. ಕೆಲಸ ಸೇರುವ ಮೊದಲಿನ 24 ತಿಂಗಳಲ್ಲಿ 16ಕ್ಕಿಂತ ಹೆಚ್ಚು ತಿಂಗಳು ನೆದರ್ಲೆಂಡ್ಸ್ ಗಡಿಯಿಂದ 150 ಕಿ.ಮೀ. ಆಚೆ ಇದ್ದಿರಬೇಕು. ಅಲ್ಲೇ ಎಂ.ಎಸ್. ಓದಿ ಕೆಲಸ ಹಿಡಿದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಬೆಂಗಳೂರಿನಿಂದ ನೇರ ಹೋದವರಿಗೆ ಸಲೀಸು. ಕೆಲಸ ಶುರುವಾದ 4 ತಿಂಗಳೊಳಗೆ ಕಂಪನಿಯ ಜೊತೆಗೂಡಿ ಅರ್ಜಿ ಹಾಕಿದರೆ ಮೊದಲ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ.