ಹೌರಾದಲ್ಲಿ ಒಂಟಿಯಾಗಿ ಇಳಿದವರಿಗೆ ಕೋಲ್ಕತ್ತಾ ಮೆಟ್ರೊ

ಹೌರಾ ನಿಲ್ದಾಣದಲ್ಲಿ ಒಬ್ಬರೇ ಇಳಿದವರಿಗೆ ಕೋಲ್ಕತ್ತಾ ಮೊದಲು ಕೇಳುವ ಪ್ರಶ್ನೆ ‘ಕೋಥಾಯ್ ಜಾಬೇನ್?’ ಎಂಬುದು. ಎಲ್ಲಿಗೆ ಹೋಗಬೇಕು ಎಂಬ ಈ ವಿಚಾರಣೆ ಟ್ಯಾಕ್ಸಿ ಚಾಲಕರಿಂದ, ಅವರಿಗಾಗಿ ಗಿರಾಕಿ ಹಿಡಿಯುವವರಿಂದ, ಕೂಲಿಗಳಿಂದ ಏಕಕಾಲಕ್ಕೆ ಕಿವಿಗೆ ಬೀಳುತ್ತದೆ. 2016ರಲ್ಲಿ ಮೊದಲ ಸಲ ಹೋಗಿದ್ದಾಗ, ಒಂದು ದಿನಕ್ಕೂ ಹೆಚ್ಚು ಕಾಲ ರೈಲಿನಲ್ಲಿ ಕುಳಿತು ದಣಿದಿದ್ದ ನಾನು ಚೌಕಾಸಿ ಮಾಡುವ ತ್ರಾಣವಿಲ್ಲದೆ ಕೇಳಿದಷ್ಟು ಕೊಟ್ಟು ಹಳದಿ ಅಂಬಾಸಡರ್ ಹತ್ತಿದ್ದೆ. ಆಮೇಲೆ ಹೌರಾ ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದೆ. 2025ರ ನವೆಂಬರಿನಲ್ಲಿ ಅಲ್ಲಿಯೇ ಮತ್ತೆ ಇಳಿದಾಗ ಪ್ರಶ್ನೆ ಬದಲಾಗಿರಲಿಲ್ಲ, ಉತ್ತರ ಬದಲಾಗಿತ್ತು. ‘ಮೆಟ್ರೊ’ ಎಂದಷ್ಟೇ ಹೇಳಿ ನೆಲದಡಿಗೆ ಇಳಿದೆ. ಮೊದಲ ಮೂರು ದಿನ ಅದನ್ನೇ ನೆಚ್ಚಿಕೊಂಡು ತಿರುಗಿದ್ದರಿಂದ ಈ ಬರಹ.

ಹೌರಾ ಮೈದಾನದಿಂದ ನಗರದ ನಡುಭಾಗದ ಎಸ್ಪ್ಲನೇಡ್‌ವರೆಗಿನ ಹಸಿರು ಮಾರ್ಗದ ಭಾಗ 2024ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹೂಗ್ಲಿ ನದಿಯ ತಳಕ್ಕಿಂತಲೂ 13 ಮೀಟರ್ ಕೆಳಗೆ ಹಾದುಹೋಗುವ 520 ಮೀಟರ್ ಉದ್ದದ ಜೋಡಿ ಸುರಂಗವೇ ಇದರ ಹೆಗ್ಗಳಿಕೆ. ಎಸ್ಕಲೇಟರುಗಳ ಮೇಲೆ ಎಸ್ಕಲೇಟರು ಇಳಿಯುತ್ತ ಹೋದಂತೆ ಮೇಲಿನ ಗದ್ದಲ ಪೂರ್ತಿ ಅಡಗುತ್ತದೆ. ನದಿಯ ಅಡಿಯ ಭಾಗ ಬಂದಾಗ ಸುರಂಗದ ಗೋಡೆಯಲ್ಲಿ ನೀಲಿ ದೀಪಗಳು ಹೊತ್ತಿಕೊಂಡಿರುವುದು ಕಿಟಕಿಯಲ್ಲಿ ಕಾಣುತ್ತದೆ. ಸೆಕೆಂಡುಗಳನ್ನು ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸುತ್ತ ಕುಳಿತೆ, ನಲವತ್ತೈದರ ಹೊತ್ತಿಗೆ ನೀಲಿ ಮುಗಿದು ಮತ್ತೆ ಕತ್ತಲಾಯಿತು. ಪಕ್ಕದಲ್ಲಿದ್ದ, ಒಂದೇ ಕಚೇರಿಯವರಂತೆ ಕಂಡ ಇಬ್ಬರು ಮೀನಿನ ದರದ ಚರ್ಚೆಯಿಂದ ತಲೆ ಎತ್ತಲಿಲ್ಲ. ಹೌರಾ ನಿಲ್ದಾಣದಿಂದ ಎರಡನೆಯ ನಿಲ್ದಾಣವೇ ಎಸ್ಪ್ಲನೇಡ್. ಟಿಕೆಟ್ 10 ರೂಪಾಯಿ. ಕನಿಷ್ಠ ದರ ಇಲ್ಲಿ 5 ರೂಪಾಯಿ ಇರುವುದು, ಆ 10 ರೂಪಾಯಿಯನ್ನೇ ಕನಿಷ್ಠವಾಗಿ ಕೊಟ್ಟು ರೂಢಿಯಾಗಿರುವ ಬೆಂಗಳೂರಿಗರಿಗೆ ಸ್ವಲ್ಪ ಹೊಟ್ಟೆಕಿಚ್ಚು ತರಿಸುವ ಸಂಗತಿ.

ಎಸ್ಪ್ಲನೇಡ್‌ನಲ್ಲಿ ಹಳೆಯ ನೀಲಿ ಮಾರ್ಗ ಸಿಗುತ್ತದೆ. 1984ರ ಅಕ್ಟೋಬರ್ 24ರಂದು ದೇಶದ ಮೊದಲ ಮೆಟ್ರೊ ಓಡಿದ್ದು ಈ ಎಸ್ಪ್ಲನೇಡ್‌ನಿಂದ ಭವಾನೀಪುರದವರೆಗಿನ ತುಣುಕಿನಲ್ಲಿಯೇ. ಹಸಿರು ಮಾರ್ಗದಿಂದ ಇಲ್ಲಿಗೆ ಬಂದೊಡನೆ ಕಾಲ ನಲವತ್ತು ವರ್ಷ ಹಿಂದೆ ಸರಿದಂತಾಗುತ್ತದೆ: ತಗ್ಗಾದ ಚಾವಣಿ, ಹಳೆಯ ಕಂಬಗಳು, ನಿಲ್ದಾಣದ ಟಿವಿ ಪರದೆಗಳು, ಕಚೇರಿಯ ಸಮಯದಲ್ಲಿ ಭುಜಕ್ಕೆ ಭುಜ ತಾಗುವ ಜನ. ದೊಡ್ಡ ಸೂಟ್‌ಕೇಸ್ ಇರುವವರು ಬೆಳಗಿನ ಒಂಬತ್ತರಿಂದ ಹನ್ನೊಂದರ ನಡುವೆ ಈ ಮಾರ್ಗದ ಗೋಜಿಗೆ ಹೋಗದಿರುವುದು ಲೇಸು.

ಹೊಸಬರು ಎಡವುವುದು ನಿಲ್ದಾಣಗಳ ಹೆಸರಿನಲ್ಲಿ. ಊರಿನವರೂ ಆಟೊದವರೂ ಟಾಲಿಗಂಜ್ ಎನ್ನುವ ಜಾಗ ಮೆಟ್ರೊ ಫಲಕದಲ್ಲಿ ‘ಮಹಾನಾಯಕ ಉತ್ತಮ್ ಕುಮಾರ್’ ಆಗಿದೆ. ಬಾಂಸ್‌ದ್ರೋಣಿ ‘ಮಾಸ್ಟರ್‌ದಾ ಸೂರ್ಯ ಸೇನ್’, ನಾಕ್ತಲಾ ‘ಗೀತಾಂಜಲಿ’. ದಾರಿ ಕೇಳುವಾಗ ಹಳೆಯ ಹೆಸರು, ಟಿಕೆಟ್ ಕೊಳ್ಳುವಾಗ ಹೊಸ ಹೆಸರು ಎಂದು ಎರಡನ್ನೂ ಬರೆದಿಟ್ಟುಕೊಂಡ ಚೀಟಿ ನನಗೆ ನಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಎರಡನೆಯ ದಿನ, ಬಿಸಿನೀರಿಗೆ ಬಕೆಟ್ಟಿನ ಲೆಕ್ಕದಲ್ಲಿ ಹಣ ಕೇಳಿದ ಒಂದು ವಸತಿಗೃಹದಿಂದ ಬೇಸರದಲ್ಲಿಯೇ ಹೊರಟು, ಮಹಾತ್ಮ ಗಾಂಧಿ ರೋಡ್ ನಿಲ್ದಾಣದಲ್ಲಿ ಇಳಿದು ಕಾಲೇಜ್ ಸ್ಟ್ರೀಟಿನವರೆಗೆ ನಡೆದೆ. ಪುಸ್ತಕದಂಗಡಿಗಳ ನಡುವಿನ ಕಾಫಿ ಹೌಸ್‌ನಲ್ಲಿ, ತಲೆಗೆ ಬೀಸಣಿಗೆಯಂಥ ಕುಚ್ಚಿನ ಪೇಟ ಧರಿಸಿದ ಪರಿಚಾರಕರು ತಂದುಕೊಟ್ಟ ‘ಇನ್‌ಫ್ಯೂಷನ್’ ಎಂಬ ಹಾಲಿಲ್ಲದ ಕಾಫಿಯನ್ನು ಕುಡಿಯುತ್ತ, ಯಾರೂ ಏಳಿ ಎನ್ನದ ಕಾರಣ ಎರಡು ತಾಸು ಕುಳಿತಿದ್ದೆ. ಒಂಟಿ ಪ್ರಯಾಣದಲ್ಲಿ ನಾನು ಅತ್ಯಂತ ಬೆಲೆ ಕೊಡುವುದು ಇಂಥ ಅವಸರವಿಲ್ಲದ ಹೊತ್ತಿಗೆ, ಮತ್ತು ವಾಪಸು ಹೋಗುವ ಚಿಂತೆ ಇಲ್ಲದಿದ್ದಾಗ ಮಾತ್ರ ಅದು ದಕ್ಕುತ್ತದೆ.

ಮೂರನೆಯ ದಿನ ಸಿಯಾಲ್ದಾಕ್ಕೆ ಹೋದೆ. ಎಸ್ಪ್ಲನೇಡ್ ಮತ್ತು ಸಿಯಾಲ್ದಾ ನಡುವಿನ ಈ ಕೊಂಡಿಗಾಗಿ ನಗರ ಬಹಳ ಕಾಯಬೇಕಾಯಿತು. 2019ರಲ್ಲಿ ಬೌಬಜಾರಿನ ಅಡಿಯಲ್ಲಿ ಸುರಂಗ ಕೊರೆಯುವಾಗ ನೀರು ನುಗ್ಗಿ, ನೆಲ ಕುಸಿದು, ಮೇಲಿನ ಹಳೆಯ ಮನೆಗಳ ಜನ ರಾತ್ರೋರಾತ್ರಿ ಹೊರಬರಬೇಕಾಗಿತ್ತು. 2025ರ ಆಗಸ್ಟ್ 22ರಂದು ಉದ್ಘಾಟನೆಯಾದ ಮೇಲೆ ಹೌರಾ ಮತ್ತು ಸಿಯಾಲ್ದಾ ಎಂಬ ಎರಡು ಮಹಾ ರೈಲು ನಿಲ್ದಾಣಗಳು ಒಂದೇ ಟಿಕೆಟ್ಟಿನಲ್ಲಿ ಸೇರಿವೆ. ವಿಮಾನದಲ್ಲಿ ಬರುವವರಿಗೂ ಅದೇ ದಿನ ‘ಜೈ ಹಿಂದ್’ ನಿಲ್ದಾಣದಿಂದ ನೀಲಿ ಮಾರ್ಗದ ನೋವಾಪಾಡಾಕ್ಕೆ ಹಳದಿ ಮಾರ್ಗ ಸಿಕ್ಕಿತು.

ಒಂದು ಕೊರತೆ ಮಾತ್ರ ನದಿಯಡಿಯ ಸುರಂಗಕ್ಕೆ ಹುಟ್ಟಿನಿಂದಲೇ ಬಂದಿದೆ: ಇದರಲ್ಲಿ ಬಂದವರಿಗೆ ನದಿ ಕಾಣುವುದಿಲ್ಲ. ಆದುದರಿಂದ ಹಿಂದಿರುಗುವ ಸಂಜೆ ಚೀಲ ಹೆಗಲಿಗೇರಿಸಿ ನದಿದಂಡೆಯ ಬಾಬುಘಾಟಿಗೆ ಹೋಗಿ, ಹೌರಾಕ್ಕೆ ಹೊರಟಿದ್ದ ಲಾಂಚ್ ಎಂಬ ಮೋಟಾರು ದೋಣಿ ಹತ್ತಿ, ನಿಲ್ದಾಣದ ಕೆಂಪು ಕಟ್ಟಡ ಹತ್ತಿರವಾಗುವವರೆಗೂ ಕಟಕಟೆ ಹಿಡಿದು ನಿಂತಿದ್ದೆ.