ವಿ-ಕ್ರಾಸ್‌ಗೆ ಸ್ಟೇಜ್ 1 ರೀಮ್ಯಾಪ್: ಘಾಟಿ ಹತ್ತುವವರಿಗೆ ಯಾವ ಟ್ಯೂನ್ ಸರಿ?

ಗಾಡಿ: ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, 2.5 ಲೀಟರ್ ಡೀಸೆಲ್, ಬಿಎಸ್4, 5 ಗೇರಿನ ಮ್ಯಾನುಯಲ್. ಓಡಾಟ: ಮೂಡಿಗೆರೆ ಸುತ್ತಿನ ತೋಟದ ರಸ್ತೆಗಳು, ಚಾರ್ಮಾಡಿ ಘಾಟಿ, ಆಗಾಗ ಬೆಂಗಳೂರು. ಟ್ಯೂನ್ (ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ನ ಫೈಲ್ ತಿದ್ದುವುದು) ಮಾಡಿಸಿ ಮೂರು ಮಳೆಗಾಲ ಕಳೆದಿವೆ.

ಮೊದಲೇ ಹೇಳಿಬಿಡುತ್ತೇನೆ. ಟ್ಯೂನ್ ನನಗೆ ಇಷ್ಟವಾಗಿದೆ, ಇವತ್ತಿಗೂ ಅದೇ ಫೈಲ್‌ನಲ್ಲಿ ಓಡಿಸುತ್ತಿದ್ದೇನೆ. ಆದರೆ ನಾನು ಹಾಕಿಸಿಕೊಂಡಿದ್ದು ವಿಚಾರಿಸಿದ ಫೈಲ್‌ಗಳಲ್ಲೆಲ್ಲ ಅತಿ ಕಡಿಮೆ ಬಿಎಚ್‌ಪಿಯದ್ದು. ಇಷ್ಟು ದಿನ ಕಿರಿಕಿರಿ ಇಲ್ಲದೆ ಓಡಿದ್ದಕ್ಕೆ ಅರ್ಧ ಕಾರಣ ಅದೇ.

ಈ ಎಂಜಿನ್‌ಗೆ ಕಂಪನಿ ಹೇಳುವ ಲೆಕ್ಕ 3600 ಆರ್‌ಪಿಎಂನಲ್ಲಿ 134 ಬಿಎಚ್‌ಪಿ, 1800ರಿಂದ 2800ರವರೆಗೆ 320 ಎನ್‌ಎಂ ಟಾರ್ಕ್ (ಎಳೆಯುವ ಬಲ). ಸುಮಾರು ಎರಡು ಟನ್ ತೂಕದ, 5 ಮೀಟರಿಗಿಂತ ಉದ್ದದ ಗಾಡಿಗೆ ಇದು ಪರವಾಗಿಲ್ಲ. ಹೈವೇಯಲ್ಲಿ ದೂರು ಹೇಳುವಂಥದ್ದೇನೂ ಇಲ್ಲ. ತೊಂದರೆ ಇರುವುದೆಲ್ಲ 1800ರ ಕೆಳಗೆ.

ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವವರಿಗೆ ಇದು ಗೊತ್ತಿರುತ್ತದೆ. ಹೇರ್‌ಪಿನ್ ತಿರುವಿಗೆ ಬರುವಾಗ ಮುಂದೊಂದು ಗಾಡಿ ಇದ್ದರೆ ಎರಡನೇ ಗೇರ್‌ನಲ್ಲಿ ಆರ್‌ಪಿಎಂ 1300ಕ್ಕೆ ಇಳಿಯುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಏನೂ ಆಗುವುದಿಲ್ಲ. ಗಾಡಿ ಮುಕ್ಕರಿಯುತ್ತದೆ. ಮೊದಲನೇ ಗೇರ್‌ಗೆ ಹಾಕಿದರೆ ಕಿರುಚುತ್ತದೆ, ಹಾಕದಿದ್ದರೆ ಎಳೆಯುವುದಿಲ್ಲ. ಹಾಗೇ ಕಾಯುತ್ತಿದ್ದರೆ 1800 ದಾಟುತ್ತಲೇ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಎದ್ದು ಒಮ್ಮೆಲೇ ನೂಕುತ್ತದೆ, ಅದೂ ಮುಂದಿನ ತಿರುವು ಕಣ್ಣೆದುರಿಗೇ ಬಂದಾಗ. ಹಿಂದೆ ಸ್ಪ್ರಿಂಕ್ಲರ್ ಪೈಪು, ಪಂಪ್‌ಸೆಟ್ಟು ಇದ್ದರಂತೂ ಕೇಳುವುದೇ ಬೇಡ.

ಹಾಗಾಗಿ ನನಗೆ ಬೇಕಿದ್ದಿದ್ದು ಜಾಸ್ತಿ ಸ್ಪೀಡ್ ಅಲ್ಲ. 1400ರಿಂದ 2000ದ ನಡುವೆ ಒಂದಿಷ್ಟು ದಮ್ಮು, ಅಷ್ಟೇ. ಟ್ಯೂನ್ ಹುಡುಕುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಿಂದ ತುಂಬಾ ಮಾತುಗಳನ್ನು ಕಿವಿಗೆ ಹಾಕಿಕೊಳ್ಳದೆ ಬಿಡಲು ಸಾಧ್ಯವಾಯಿತು.

ಮಾರ್ಕೆಟ್‌ನಲ್ಲಿ ಮೂರು ತರಹದ ವಸ್ತು ಸಿಗುತ್ತದೆ. ಅಗ್ಗದ್ದು ಪೆಡಲ್ ಬಾಕ್ಸ್. ಇದು ಆಕ್ಸಿಲರೇಟರ್ ಪೆಡಲ್‌ನ ಸಿಗ್ನಲ್ಲನ್ನು ಹಿಗ್ಗಿಸಿ ಹೇಳುತ್ತದೆ. ನೀವು ಕಾಲು ಭಾಗ ಒತ್ತಿದರೆ ಎಂಜಿನ್‌ಗೆ ಅರ್ಧ ಒತ್ತಿದಂತೆ ಕೇಳಿಸುತ್ತದೆ. ಪವರ್ ಒಂದು ಬಿಎಚ್‌ಪಿಯೂ ಹೆಚ್ಚುವುದಿಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಮಾತ್ರ ಗಾಡಿ ಚುರುಕು ಅನಿಸುತ್ತದೆ. ನನ್ನ ತೊಂದರೆ ಇರುವುದು ಪೂರ್ತಿ ಒತ್ತಿದಾಗ, ಅಲ್ಲಿ ಇದರಿಂದ ಏನು ಪ್ರಯೋಜನ?

ಎರಡನೆಯದು ಟ್ಯೂನಿಂಗ್ ಬಾಕ್ಸ್. ಬೆಂಗಳೂರಿನ ರೇಸ್ ಡೈನಮಿಕ್ಸ್‌ನವರ ಡೀಸೆಲ್‌ಟ್ರಾನಿಕ್ ಹೆಸರನ್ನು ಡೀಸೆಲ್ ಗಾಡಿಯವರು ಕೇಳಿರುತ್ತೀರಿ. ಈ ತರಹದ ಬಾಕ್ಸ್‌ಗಳು ಸೆನ್ಸರ್‌ಗೂ ಇಸಿಯುಗೂ (ಎಂಜಿನ್ ನಡೆಸುವ ಕಂಪ್ಯೂಟರ್) ನಡುವೆ ಕೂರುತ್ತವೆ. ಉದಾಹರಣೆಗೆ ಕಾಮನ್ ರೈಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡುವ ಪೈಪು) ಪ್ರೆಶರ್ ಇರುವುದಕ್ಕಿಂತ ಕಮ್ಮಿ ಅಂತ ಇಸಿಯುಗೆ ಹೇಳಿದರೆ, ಅದು ಪ್ರೆಶರ್ ಏರಿಸುತ್ತದೆ, ಇಂಜೆಕ್ಟರ್ ತೆರೆದಿರುವ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಡೀಸೆಲ್ ಬೀಳುತ್ತದೆ. ದೊಡ್ಡ ಅನುಕೂಲ ಅಂದರೆ ಇದನ್ನು ಬಿಚ್ಚಿಡಬಹುದು. ಗಾಡಿ ಸರ್ವಿಸ್‌ಗೆ ಹೋಗುವಾಗ, ಮಾರುವಾಗ ತಲೆನೋವಿಲ್ಲ. ಆದರೆ ಟರ್ಬೊ ಯಾವಾಗ ಎಷ್ಟು ಊದಬೇಕು, ಟಾರ್ಕ್ ಎಲ್ಲಿಗೆ ನಿಲ್ಲಬೇಕು ಅನ್ನುವ ಇಸಿಯು ಒಳಗಿನ ಕೋಷ್ಟಕಗಳು ಹಾಗೇ ಇರುತ್ತವೆ. ನನಗೆ ಬೇಕಿದ್ದ ಜಾಗ ಅದೇ.

ಆದ್ದರಿಂದ ಮೂರನೆಯದು, ರೀಮ್ಯಾಪ್. ಇಸಿಯುನ ಫೈಲನ್ನೇ ತಿದ್ದುವುದು. ಯಾವ ಬಿಡಿಭಾಗವನ್ನೂ ಬದಲಿಸದೆ ಫೈಲ್ ಮಾತ್ರ ತಿದ್ದಿದರೆ ಅದಕ್ಕೆ ಸ್ಟೇಜ್ 1 ಅನ್ನುತ್ತಾರೆ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪು), ಏರ್ ಇನ್‌ಟೇಕ್ ಬದಲಿಸಿ ಅದಕ್ಕೆ ತಕ್ಕ ಫೈಲ್ ಹಾಕಿದರೆ ಸ್ಟೇಜ್ 2. ತೋಟಕ್ಕೆ ಓಡುವ ಗಾಡಿಗೆ ಸ್ಟೇಜ್ 2 ಸುಮ್ನೆ ದುಡ್ಡು ದಂಡ ಅಂತ ನನ್ನ ಅಭಿಪ್ರಾಯ.

ರೀಮ್ಯಾಪ್‌ನಲ್ಲಿ ನಿಜವಾಗಿ ಏನು ಬದಲಾಗುತ್ತದೆ ಅಂತ ತಿಳಿದಿದ್ದರೆ ಟ್ಯೂನರ್ ಹತ್ತಿರ ಮಾತಾಡುವುದು ಸುಲಭ. ಡೀಸೆಲ್ ಎಂಜಿನ್‌ನಲ್ಲಿ ಪವರ್ ಬರುವುದು ಎಷ್ಟು ಡೀಸೆಲ್ ಬೀಳುತ್ತದೆ ಅನ್ನುವುದರ ಮೇಲೆ. ಆದರೆ ಅದಕ್ಕೆ ತಕ್ಕಷ್ಟು ಗಾಳಿ ಬೇಕು. ಹಸಿ ಸೌದೆ ತುರುಕಿದ ಒಲೆಯಂತೆ, ಗಾಳಿ ಸಾಲದಿದ್ದರೆ ಬರುವುದು ಹೊಗೆಯೇ. ಅದಕ್ಕೇ ಫೈಲ್‌ನೊಳಗೆ ಹೊಗೆಗೊಂದು ಮಿತಿ ಇರುತ್ತದೆ: ಇಷ್ಟು ಗಾಳಿ ಬಂದರೆ ಇಷ್ಟೇ ಡೀಸೆಲ್ ಅಂತ. ಒಳ್ಳೆಯ ಟ್ಯೂನರ್ ಮೊದಲು ಗಾಳಿ ನೋಡುತ್ತಾರೆ. ಈ ಎಂಜಿನ್‌ನಲ್ಲಿರುವುದು ವೇರಿಯಬಲ್ ಟರ್ಬೊ. ಅದರೊಳಗಿನ ರೆಕ್ಕೆಗಳನ್ನು ಕಮ್ಮಿ ಆರ್‌ಪಿಎಂನಲ್ಲಿ ಇನ್ನಷ್ಟು ಮುಚ್ಚಿಸಿದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬೇಗ ಏಳುತ್ತದೆ. ಆಮೇಲೆ ಅದಕ್ಕೆ ತಕ್ಕಂತೆ ಡೀಸೆಲ್. ಅವಸರದ ಟ್ಯೂನರ್ ಹೊಗೆಯ ಮಿತಿಯನ್ನೇ ತೆಗೆದುಹಾಕಿ ಡೀಸೆಲ್ ಸುರಿಯುತ್ತಾರೆ. ಎಳೆತ ಬರುತ್ತದೆ ನಿಜ. ಜೊತೆಗೆ ಕರಿ ಹೊಗೆಯೂ ಬರುತ್ತದೆ, ಎಕ್ಸಾಸ್ಟ್ ಬಿಸಿಯೂ ಏರುತ್ತದೆ. ಉದ್ದದ ಏರಿನಲ್ಲಿ ಟರ್ಬೊವನ್ನು ತಿನ್ನುವುದು ಆ ಬಿಸಿಯೇ.

ಫೋನಿನಲ್ಲಿ ವಿಚಾರಿಸಿದಾಗ ಒಬ್ಬರು ಕೇಳಿದ ಮೊದಲ ಪ್ರಶ್ನೆ, "ನಿಮಗೆ ಎಷ್ಟು ಬಿಎಚ್‌ಪಿ ಬೇಕು ಸರ್?" 165 ಗ್ಯಾರಂಟಿ ಅಂದರು. ಡೈನೊ ಶೀಟ್ (ಪವರ್ ಅಳೆಯುವ ಯಂತ್ರದ ಗ್ರಾಫ್) ಇದೆಯಾ ಅಂದರೆ, "ಓಡಿಸಿದ್ರೆ ನಿಮಗೇ ಗೊತ್ತಾಗುತ್ತೆ." ಅಲ್ಲಿಗೆ ಆ ಮಾತು ಮುಗಿಯಿತು. ಡೈನೊ ಶೀಟ್ ತೋರಿಸುವವರ ಹತ್ತಿರವೂ ಒಂದು ಕೇಳಬೇಕು: ಇದು ಚಕ್ರದ ಹತ್ತಿರ ಅಳೆದದ್ದಾ, ಕ್ರ್ಯಾಂಕ್ ಲೆಕ್ಕವಾ? ಕಂಪನಿ ಹೇಳುವ 134 ಕ್ರ್ಯಾಂಕ್ ಲೆಕ್ಕ, ಅಂದರೆ ಎಂಜಿನ್‌ನಲ್ಲೇ ಅಳೆದದ್ದು. ಗೇರ್‌ಬಾಕ್ಸ್, ಆಕ್ಸಲ್ ದಾಟಿ ಚಕ್ರಕ್ಕೆ ಬರುವಾಗ ಸಾಮಾನ್ಯವಾಗಿ 15-20 ಶೇಕಡ ಕಳೆದುಹೋಗುತ್ತದೆ. ಟ್ಯೂನ್‌ಗೆ ಮುಂಚಿನ ಗೆರೆ, ಆಮೇಲಿನ ಗೆರೆ ಎರಡೂ ಅದೇ ಗಾಡಿಯದ್ದು, ಅದೇ ಯಂತ್ರದಲ್ಲಿ ಅಳೆದದ್ದು ಇದ್ದರೆ ಮಾತ್ರ ಆ ಕಾಗದಕ್ಕೆ ಬೆಲೆ. ಗೆರೆಯ ತುದಿಯನ್ನು ಬಿಟ್ಟು ಎಡಗಡೆ, 1500ರ ಹತ್ತಿರ ನೋಡಿ.

ನಾನು ಕೊನೆಗೆ ಒಪ್ಪಿದವರು ಮೊದಲು ಕೇಳಿದ್ದು, "ಕ್ಲಚ್ ಎಷ್ಟು ಓಡಿದೆ ಸರ್? ಹಿಂದೆ ಏನು ಹಾಕ್ತೀರಿ? ಟೈರ್ ಕಂಪನಿ ಸೈಜೇ ಇದೆಯಾ?" ಅವರ ಹತ್ತಿರ ನನ್ನ ಎಂಜಿನ್‌ಗೆ ಎರಡು ಫೈಲ್ ಇತ್ತು. ಒಂದು ಪವರ್ ಫೈಲ್, ಇನ್ನೊಂದಕ್ಕೆ ಅವರೇ ಲೋಡ್ ಫೈಲ್ ಅನ್ನುತ್ತಿದ್ದರು. ಲೋಡ್ ಫೈಲ್‌ನಲ್ಲಿ ತುದಿಯ ಟಾರ್ಕ್ 360ರ ಆಸುಪಾಸು, 3000 ದಾಟಿದ ಮೇಲೆ ಹೆಚ್ಚುಕಮ್ಮಿ ಕಂಪನಿಯ ಲೆಕ್ಕವೇ. ನನಗೆ ಅದೇ ಬೇಕಿತ್ತು. ದುಡ್ಡು ಎರಡಕ್ಕೂ ಒಂದೇ, 30 ಸಾವಿರದ ಹತ್ತಿರ.

ಫೈಲ್ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ. ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ (ಇಸಿಯು ಜೊತೆ ಮಾತಾಡುವ ಸಾಕೆಟ್) ಕೇಬಲ್, ಸೀಟಿನ ಮೇಲೆ ಲ್ಯಾಪ್‌ಟಾಪ್. ಅದಕ್ಕಿಂತ ಮುಂಚೆ ಅವರು ಮಾಡಿದ ಕೆಲಸ ಬಾನೆಟ್ ಎತ್ತಿ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿದ್ದು. ಎಸಿ, ಬ್ಲೋವರ್, ಲೈಟು, ಸ್ಟೀರಿಯೊ ಎಲ್ಲ ಆಫ್. ಬರೆಯುವ ಮಧ್ಯದಲ್ಲಿ ವೋಲ್ಟೇಜ್ ಕುಸಿದರೆ ಇಸಿಯು ಸತ್ತುಹೋಗಬಹುದು. ಆಮೇಲೆ ನನ್ನ ಗಾಡಿಯ ಒರಿಜಿನಲ್ ಫೈಲ್ ಓದಿ, ಅದರ ಕಾಪಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು. ಕೆಲವು ಟೂಲ್‌ಗಳು ನಿಮ್ಮ ಗಾಡಿಯ ಫೈಲನ್ನು ಓದುವುದೇ ಇಲ್ಲ, ಸಾಫ್ಟ್‌ವೇರ್ ನಂಬರ್ ನೋಡಿ ಸರ್ವರ್‌ನಿಂದ ಅದೇ ನಂಬರಿನ ಫೈಲ್ ಇಳಿಸಿಕೊಳ್ಳುತ್ತವೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಒರಿಜಿನಲ್ ಕಾಪಿ ನಿಮ್ಮ ಕೈಯಲ್ಲಿರಲಿ.

ಓಡಿಸಿದಾಗ ಏನು ವ್ಯತ್ಯಾಸ? ಹೈವೇಯಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು ಓಡಿಸಿದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಸೀಟಿಗೆ ಬೆನ್ನು ಒತ್ತುವಂಥದ್ದೇನೂ ಇಲ್ಲ. ಗೊತ್ತಾಗುವುದು ಘಾಟಿಯಲ್ಲಿ. ಅದೇ ಹೇರ್‌ಪಿನ್, ಅದೇ ಎರಡನೇ ಗೇರ್. ಈಗ 1400ರಿಂದಲೇ ಮೆಲ್ಲಗೆ ಎಳೆಯಲು ಶುರು ಮಾಡುತ್ತದೆ. 1800ರ ಹತ್ತಿರ ಬರುತ್ತಿದ್ದ ಆ ದಿಢೀರ್ ನೂಕು ಹೋಗಿದೆ. ಮಳೆಗಾಲದಲ್ಲಿ ತೋಟದ ಜಾರು ರಸ್ತೆಯಲ್ಲಿ ಇದರಿಂದ ಸಿಕ್ಕಿದ ಅನುಕೂಲವನ್ನು ನಾನು ಮೊದಲು ಯೋಚಿಸಿರಲೇ ಇಲ್ಲ. ಎಳೆತ ಸಮನಾಗಿ ಬರುವುದರಿಂದ ಕೆಸರಿನಲ್ಲಿ ಹಿಂದಿನ ಚಕ್ರ ಸುಮ್ಮಸುಮ್ಮನೆ ತಿರುಗುವುದು ಕಮ್ಮಿಯಾಗಿದೆ. ಮುಂಚೆ 4ಎಚ್ (ನಾಲ್ಕೂ ಚಕ್ರಕ್ಕೆ ಎಳೆತ) ಹಾಕುತ್ತಿದ್ದ ಕೆಲವು ಕಡೆ ಈಗ 2ಎಚ್‌ನಲ್ಲೇ (ಹಿಂದಿನ ಎರಡಕ್ಕೆ ಮಾತ್ರ) ದಾಟುತ್ತೇನೆ.

ಮೈಲೇಜ್ ವಿಚಾರದಲ್ಲಿ ಮಾರುವವರ ಮಾತು ನಂಬಬೇಡಿ. ನನಗೆ ಮುಂಚೆ 11ರ ಹತ್ತಿರ ಸಿಗುತ್ತಿತ್ತು, ಈಗ 11.5 ಸಿಗಬಹುದು. ಅದೂ ಟ್ಯಾಂಕ್ ತುಂಬಿಸಿ ತುಂಬಿಸಿ ಹಾಕಿದ ಲೆಕ್ಕ. ಮೀಟರ್ ಡಿಸ್‌ಪ್ಲೇ ಟ್ಯೂನ್ ಆದಮೇಲೆ ಸುಳ್ಳು ಹೇಳಬಹುದು, ಯಾಕೆಂದರೆ ಅದು ಇಸಿಯು ಕೊಟ್ಟ ಡೀಸೆಲ್ ಲೆಕ್ಕವನ್ನೇ ನಂಬಿಕೊಂಡಿರುತ್ತದೆ. ಸಿಕ್ಕ ಅರ್ಧ ಕಿಲೋಮೀಟರಿಗೂ ಕಾರಣ ಗೇರ್ ಇಳಿಸುವುದು ಕಮ್ಮಿಯಾಗಿರುವುದು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಶುರುವಿನ ವಾರಗಳಲ್ಲಿ ಚಳಿಯ ಬೆಳಗ್ಗೆ ಏರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಚೆಕ್ ಎಂಜಿನ್ ಲೈಟ್ ಬಂತು, ಗಾಡಿ ಪೂರ್ತಿ ಮಂಕಾಯಿತು. ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿ. ಬ್ಲೂಟೂತ್ ಒಬಿಡಿ ಡಾಂಗಲ್ ಹಾಕಿ ನೋಡಿದೆ. ಕೋಡ್ ಪಿ0234, ಅಂದರೆ ಓವರ್‌ಬೂಸ್ಟ್. ಟರ್ಬೊದ ರೆಕ್ಕೆ ಅವಸರದಲ್ಲಿ ಮುಚ್ಚಿಕೊಂಡು ಗಾಳಿ ಮಿತಿ ದಾಟಿದಾಗ ಇಸಿಯು ತನ್ನನ್ನು ತಾನು ಕಾಪಾಡಿಕೊಳ್ಳಲು ಪವರ್ ಇಳಿಸುತ್ತದೆ. ಲಾಗ್ ಕಳಿಸಿದೆ. ಟ್ಯೂನರ್ ವಾದ ಮಾಡಲಿಲ್ಲ, ಬೂಸ್ಟ್ ಏರುವ ವೇಗ ತಗ್ಗಿಸಿ ಹೊಸ ಫೈಲ್ ಮಾಡಿದರು, ಹಾಸನದಲ್ಲಿ ಅವರಿಗೆ ಪರಿಚಯವಿದ್ದ ಗ್ಯಾರೇಜ್‌ನಲ್ಲಿ ಹಾಕಿಸಿಕೊಟ್ಟರು. ಆಮೇಲೆ ಆ ಲೈಟು ಬಂದಿಲ್ಲ. ಫೈಲ್‌ಗಿಂತ ಇಂಥ ಫಾಲೋ-ಅಪ್‌ಗೇ ನಾನು ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ. ದುಡ್ಡು ಕೊಡುವ ಮೊದಲೇ ಕೇಳಿ: ಕೋಡ್ ಬಂದರೆ ತಿದ್ದಿಕೊಡುವುದು ಫ್ರೀನಾ?

ಇನ್ನೊಂದು ಸಲ, ಸರ್ವಿಸ್ ಮುಗಿಸಿ ಗಾಡಿ ತಂದಮೇಲೆ ಘಾಟಿಯಲ್ಲಿ ಹಳೇ ಮುಕ್ಕರಿಕೆ ವಾಪಸ್. ವರ್ಕ್‌ಶಾಪ್‌ನವರು ನನ್ನನ್ನು ಕೇಳದೆಯೇ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದರು, ಟ್ಯೂನ್ ಅಳಿಸಿಹೋಗಿತ್ತು. ಮತ್ತೆ ಹಾಕಿಸಬೇಕಾಯಿತು. ಈಗ ಜಾಬ್ ಕಾರ್ಡ್‌ನಲ್ಲೇ "ಅಪ್‌ಡೇಟ್ ಮಾಡಬೇಡಿ" ಅಂತ ಬರೆಸುತ್ತೇನೆ.

ಕ್ಲಚ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನದು ಇನ್ನೂ ಕಂಪನಿಯ ಕ್ಲಚ್ಚೇ. ಪರೀಕ್ಷೆ ಸುಲಭ: ಸಣ್ಣ ಏರಿನಲ್ಲಿ ನಾಲ್ಕು ಅಥವಾ ಐದನೇ ಗೇರ್‌ನಲ್ಲಿ 1600ರಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರುತ್ತಿದ್ದು ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಪರಿಚಯದವರೊಬ್ಬರು ಇದೇ ಗಾಡಿಗೆ ಬೇರೆ ಕಡೆ ದೊಡ್ಡ ಪವರ್ ಫೈಲ್ ಹಾಕಿಸಿದ್ದರು. ಮೊದಲೇ ಸವೆದಿದ್ದ ಕ್ಲಚ್ ಹೆಚ್ಚು ದಿನ ತಡೆಯಲಿಲ್ಲ. ಸವೆದ ಕ್ಲಚ್ ಇದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಟ್ಯೂನ್.

ಹೊಗೆ ನೋಡಲು ರಾತ್ರಿ ಹೊತ್ತು ಹಿಂದೊಂದು ಕಾರು ಬರುವಾಗ ಆಕ್ಸಿಲರೇಟರ್ ಒತ್ತಿ ಕನ್ನಡಿ ನೋಡಿ. ಅದರ ಹೆಡ್‌ಲೈಟ್ ಬೆಳಕಿನಲ್ಲಿ ಕರಿ ಮೋಡ ಕಂಡರೆ ಫೈಲ್ ಸರಿಯಿಲ್ಲ. ಹೊಗೆ ಪರೀಕ್ಷೆಯಲ್ಲಿ ಬಿಎಸ್4 ಡೀಸೆಲ್‌ಗೆ ಹೊಗೆಯ ದಟ್ಟಣೆಯ ಮಿತಿ 1.62. ನನ್ನ ಗಾಡಿ ಪ್ರತಿ ಸಲ ಆರಾಮಾಗಿ ಪಾಸಾಗಿದೆ. ಉಳಿದಂತೆ ಆಯಿಲ್ ಸ್ವಲ್ಪ ಬೇಗ ಬದಲಿಸುತ್ತೇನೆ, ಡೀಸೆಲ್ ಫಿಲ್ಟರ್ ನೀರು ತೆಗೆಸುತ್ತೇನೆ. ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಹಾಗೇ ಬಿಟ್ಟು ಆಮೇಲೆ ಆಫ್ ಮಾಡುತ್ತೇನೆ, ಟರ್ಬೊ ತಣ್ಣಗಾಗಲಿ ಅಂತ.

ಕಾನೂನಿನ ಮಾತು. ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಫೈಲ್ ಕಣ್ಣಿಗೆ ಕಾಣುವುದಿಲ್ಲ ಅನ್ನುವುದು ಧೈರ್ಯ ಆಗಬಾರದು. ಇನ್ಶೂರೆನ್ಸ್‌ಗೆ ತಿಳಿಸದಿದ್ದರೆ ಕ್ಲೇಮ್ ವೇಳೆ ತಕರಾರು ಬರಬಹುದು. ವಾರಂಟಿ ಇರುವವರು ಎಂಜಿನ್ ವಾರಂಟಿ ಹೋಯಿತು ಅಂತಲೇ ಲೆಕ್ಕ ಹಾಕಿಕೊಳ್ಳಿ. ನಾನು ವಾರಂಟಿ ಮುಗಿಯುವ ತನಕ ಕಾದಿದ್ದೆ.

ಹೊಸ ಬಿಎಸ್6 ವಿ-ಕ್ರಾಸ್ ಇರುವವರಿಗೆ ನಾನು ಟ್ಯೂನ್ ಬೇಡ ಅನ್ನುತ್ತೇನೆ. ಅದರ 1.9 ಲೀಟರ್ ಎಂಜಿನ್‌ನಲ್ಲಿ ಕಂಪನಿಯೇ 163 ಪಿಎಸ್, 360 ಎನ್‌ಎಂ ಕೊಟ್ಟಿದೆ. ನನಗೆ ದುಡ್ಡು ಕೊಟ್ಟು ಸಿಕ್ಕಿದ ಟಾರ್ಕ್ ಅಲ್ಲಿ ಶೋರೂಮ್‌ನಿಂದಲೇ ಬರುತ್ತದೆ. ಜೊತೆಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆ. ಹೊಗೆ ಹೆಚ್ಚಿಸುವ ಫೈಲ್ ಹಾಕಿದರೆ ಮಸಿ ತುಂಬಿ ಅದು ಪದೇ ಪದೇ ಕಟ್ಟಿಕೊಳ್ಳುತ್ತದೆ. "ಡಿಪಿಎಫ್ ತೆಗೆದುಬಿಡೋಣ ಸರ್" ಅನ್ನುವ ಟ್ಯೂನರ್ ಸಿಕ್ಕರೆ ಅಲ್ಲಿಂದ ಗಾಡಿ ತಿರುಗಿಸಿ, ಅದು ಕಾನೂನಿಗೆ ವಿರುದ್ಧ. ಟೊಯೊಟಾ ಹೈಲಕ್ಸ್‌ನ ಆಟೊಮ್ಯಾಟಿಕ್‌ನಲ್ಲಂತೂ 500 ಎನ್‌ಎಂ ಇದೆ, ಅವರು ಈ ವಿಮರ್ಶೆ ಓದುವುದೇ ಬೇಡ.

ಹಳೇ 2.5 ಇದ್ದು, ವಾರಂಟಿ ಮುಗಿದಿದ್ದು, ಕ್ಲಚ್ ಗಟ್ಟಿಯಿದ್ದು, ಘಾಟಿ ದಿನನಿತ್ಯದ ದಾರಿಯಾಗಿದ್ದರೆ ಲೋಡ್ ಫೈಲ್ ಕೇಳಿ. ಬೆಂಗಳೂರು-ಪುಣೆ ಹೈವೇಯಲ್ಲೇ ಓಡಿಸುವವರು ಆ 30 ಸಾವಿರದಲ್ಲಿ ಒಳ್ಳೆಯ ಟೈರ್ ಹಾಕಿಸಿಕೊಳ್ಳಿ. ನನ್ನ ಅಂಕ 5ಕ್ಕೆ 4. ಒಂದು ಕಡಿತ ಆ ಪಿ0234ಗೆ.